ಮಣ್ಣು ಒದ್ದೆ, ಎಲೆ ಜೋಲು: ಮೊದಲು ಚೊಂಬು ಕೆಳಗಿಡಿ

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇವೆ. ಊರಿಂದ ತಂದ ಮಲ್ಲಿಗೆ ಗಿಡ ಕಿಟಕಿ ಗ್ರಿಲ್‌ನಲ್ಲಿದೆ. ಮಳೆಗಾಲ ಶುರುವಾದಾಗಿನಿಂದ ಎಲೆ ಜೋತುಬಿದ್ದಿವೆ. ದಿನಾ ನೀರು ಹಾಕುತ್ತೇನೆ, ನರ್ಸರಿಯವನು ಟಾನಿಕ್ ಕೂಡ ಕೊಟ್ಟಿದ್ದಾನೆ. ಇನ್ನೇನು ಹಾಕಲಿ?

ಉತ್ತರ: ಏನೂ ಹಾಕಬೇಡಿ. ಜುಲೈ ಬಂತೆಂದರೆ ಠಾಣೆ, ಮುಲುಂಡ್, ಬೊರಿವಲಿ ಎಲ್ಲ ಕಡೆಯಿಂದ ಇದೇ ಪ್ರಶ್ನೆ. ಎಲೆ ಬಾಡಿದರೆ ನೀರು ಕಡಿಮೆಯಾಗಿದೆ ಅಂತ ಯಾರು ತಲೆಗೆ ತುಂಬಿದರೋ! ಗಿಡದೊಳಗೆ ಪಂಪಿಲ್ಲ. ಎಲೆಯ ಅಡಿಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ, ಆ ಸೆಳೆತಕ್ಕೆ ಕಾಂಡದ ಕ್ಸೈಲಮ್ ಕೊಳವೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ನೀರು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲೇರುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು 1894ರಲ್ಲೇ ಹೇಳಿದ ಮಾತಿದು. ಹೀರಿದ ನೀರಿನಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಹೀಗೆ ಗಾಳಿಗೇ ಹೋಗುತ್ತದೆ.

ಆದರೆ ಕೆಳಗೆ ನೀರು ಹೀರಬೇಕಾದ ಬೇರು ಜೀವಂತ ಇರಬೇಕಲ್ವಾ? ಅದಕ್ಕೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಸಂದಿನಲ್ಲೆಲ್ಲ ನೀರೇ ತುಂಬಿದರೆ ಗಾಳಿ ಒಳಗೆ ಹೋಗುವುದಿಲ್ಲ, ಬೇರಿನ ಜೀವಕೋಶಗಳು ನೀರು ಬಿಟ್ಟುಕೊಳ್ಳುವ ದಾರಿಯನ್ನೇ ಮುಚ್ಚುತ್ತವೆ, ಆಮೇಲೆ ಕೊಳೆಯುತ್ತವೆ. ನೀರಿನ ನಡುವೆ ನಿಂತೇ ಗಿಡ ಬಾಯಾರಿ ಸಾಯುತ್ತದೆ.

ಗಿಡವನ್ನು ಮಣ್ಣಿನ ಸಮೇತ ಕುಂಡದಿಂದ ಮೆಲ್ಲಗೆ ಹೊರಗೆ ಜಾರಿಸಿ. ಚೆನ್ನಾಗಿರುವ ಎಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಮೆತ್ತಗೆ, ನಾರುತ್ತದೆ. ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಅಂಥದ್ದನ್ನೆಲ್ಲ ಕತ್ತರಿಸಿ. ಮೇಲಿನ ಕೊಂಬೆಗಳನ್ನೂ ಸ್ವಲ್ಪ ಸವರಿ, ಅಳಿದುಳಿದ ಬೇರು ಅಷ್ಟೊಂದು ಎಲೆಗೆ ನೀರು ಒದಗಿಸಲಾರದು. ದಪ್ಪ ಮರಳು ಬೆರೆಸಿದ ಹೊಸ ಮಣ್ಣು, ತೂತು ಕಟ್ಟಿರದ ಕುಂಡ, ಮಳೆ ಬೀಳದ ಜಾಗ. ಅಡಿಯ ತಟ್ಟೆ ತೆಗೆಯಿರಿ, ಮಳೆಗಾಲದಲ್ಲಿ ಅದನ್ನು ಕಂಡರೇ ನನಗೆ ಸಿಟ್ಟು. ಎರಡಂಗುಲ ಆಳಕ್ಕೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಹೊಸ ಚಿಗುರು ಬರುವ ತನಕ ಗೊಬ್ಬರ ಬೇಡ. ಟಾನಿಕ್? ಕೊಳೆತ ಬೇರಿಗೆ ಯಾವ ಬಾಟಲಿಯೂ ಜೀವ ಕೊಡುವುದಿಲ್ಲ, ಸುಮ್ನೆ ದುಡ್ಡು ದಂಡ. ಬೇರು ಪೂರ್ತಿ ಹೋಗಿದ್ದರೆ ಹಸಿರು ಕೊಂಬೆ ಕತ್ತರಿಸಿ ನೆಡಿ, ಹಳೆಯದರ ಆಸೆ ಬಿಡಿ.

ಇನ್ನು ಅಕ್ಟೋಬರ್ ಬಿಸಿಲಲ್ಲಿ ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ನೆಟ್ಟಗಾಗುವ ಗಿಡದ ಬಗ್ಗೆ ದಯವಿಟ್ಟು ಬರೆಯಬೇಡಿ.

ಪ್ರಶ್ನೆ: ತುಳಸಿ ರಸ್ತೆ ಕಡೆಗೇ ವಾಲುತ್ತಿದೆ, ವಾಸ್ತು ದೋಷವೇ? (ಪುಣೆ)

ಉತ್ತರ: ಬೆಳಕಿನ ದೋಷ. ನೆರಳಿನ ಬದಿಗೆ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಜಾಸ್ತಿ ಸೇರಿ ಆ ಬದಿ ಉದ್ದ ಬೆಳೆಯುತ್ತದೆ, ಕಾಂಡ ಬೆಳಕಿನತ್ತ ಬಾಗುತ್ತದೆ. ಕುಂಡ ತಿರುಗಿಸಿಡಿ, ಪಂಡಿತರಿಗೆ ತೊಂದರೆ ಕೊಡಬೇಡಿ.

ಪ್ರಶ್ನೆ: ಎಲೆ ಹೊಳೆಯಲು ಹಾಲಲ್ಲಿ ಒರೆಸಬಹುದೇ? (ಮಡಗಾಂವ್)

ಉತ್ತರ: ಒದ್ದೆ ಬಟ್ಟೆ ಸಾಕು. ಹಾಲು ಚಹಾಕ್ಕಿರಲಿ.