ಕಾಲಿಗೊಂದು ಕೆಲಸ, ಗಂಟಲಿಗೊಂದು ಕೆಲಸ

ಮಾನ್ಯರೇ,

ಹಣ್ಣುನೊಣವು ಸಕ್ಕರೆಯ ರುಚಿ ನೋಡುವ ಬಗೆಯನ್ನು ಕುರಿತು ನೀವು ಕಳುಹಿಸಿದ ‘ಮೈಯೆಲ್ಲಾ ನಾಲಿಗೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡುವ ಮನಸ್ಸೂ ಇಲ್ಲದಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಲೇಖನದ ಮುಖ್ಯ ಕೊರತೆ ಇರುವುದು ಮಾಹಿತಿಯಲ್ಲಲ್ಲ, ಜೋಡಣೆಯಲ್ಲಿ. ಕಾಲು, ಬಾಯಿಯ ತುದಿ, ಗಂಟಲು, ರೆಕ್ಕೆಯ ಅಂಚು ಇವೆಲ್ಲದರಲ್ಲೂ ರುಚಿಯ ನರಕೋಶಗಳಿವೆ ಎಂದು ನೀವು ಕೊಟ್ಟ ಪಟ್ಟಿ ಸರಿಯಾಗಿಯೇ ಇದೆ. ಅದನ್ನು ಓದಿದವರು ಮಾತ್ರ ಒಂದೇ ಕೆಲಸವನ್ನು ನಾಲ್ಕು ಅಂಗಗಳು ಮಾಡುತ್ತವೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ನಡೆಯುತ್ತಿರುವ ನೊಣದ ಪಾದ ಸಿಹಿಯನ್ನು ಮುಟ್ಟಿದೊಡನೆ ಪಾದದ ಕೆಲವು ನರಕೋಶಗಳು ಸುದ್ದಿಯನ್ನು ಎದೆಭಾಗದ ನರಮಂಡಲಕ್ಕೆ ಮುಟ್ಟಿಸಿ ಅಲ್ಲಿಂದಲೇ ನಡಿಗೆಯನ್ನು ನಿಲ್ಲಿಸುತ್ತವೆ. ಇನ್ನು ಕೆಲವು ಮಿದುಳಿನವರೆಗೂ ಚಾಚಿಕೊಂಡಿದ್ದು, ಮಡಚಿಟ್ಟ ಹೀರುಕೊಳವೆಯನ್ನು ಹೊರಚಾಚಿಸುತ್ತವೆ. ಕೊಳವೆಯ ತುದಿಯ ರೋಮಗಳು ಹನಿಯನ್ನು ಮತ್ತೊಮ್ಮೆ ಪರೀಕ್ಷಿಸುತ್ತವೆ. ಹೀರತೊಡಗಿದ ಮೇಲೆ ಅದನ್ನು ಮುಂದುವರಿಸುವ ಹೊಣೆ ಗಂಟಲಿನದು. ಹೊರಗಿನ ರುಚಿರೋಮಗಳೆಲ್ಲ ಬರೀ ಸ್ಪರ್ಶರೋಮಗಳಾಗಿ ಮಾರ್ಪಟ್ಟಿರುವ ಒಂದು ತಳಿಯ ನೊಣಗಳೂ ಸಕ್ಕರೆಯನ್ನೇ ಆರಿಸಿ ತಿನ್ನುವುದು ಗಂಟಲಿನ ಅಂಗ ಕೆಡದೆ ಉಳಿದಿರುವುದರಿಂದಲೇ. ನಿಲ್ಲು, ಚಾಚು, ಹೀರು, ಹೀರುತ್ತಲೇ ಇರು ಎಂಬ ಈ ಸರದಿಯೇ ಲೇಖನದ ಬೆನ್ನೆಲುಬಾಗಲಿ. ರೆಕ್ಕೆಯ ಅಂಚಿಗೆ ಒಂದು ವಾಕ್ಯ ಸಾಕು.

‘ಪ್ರಕೃತಿಯ ವಿಸ್ಮಯಗಳಿಗೆ ಕೊನೆಯೆಲ್ಲಿ’ ಎಂದು ಆರಂಭವಾಗುವ ಮೊದಲ ಪುಟವನ್ನು ದಯವಿಟ್ಟು ತೆಗೆದುಹಾಕಿ, ಆ ಜಾಗದಲ್ಲಿ ಪ್ರಯೋಗವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿ. ಹಸಿದ ನೊಣವನ್ನು ಅಂಗಾತ ಅಂಟಿಸಿ, ಮೊದಲು ಅದಕ್ಕೆ ಸಾಕೆನಿಸುವಷ್ಟು ನೀರು ಕುಡಿಸುತ್ತಾರೆ. ಇಲ್ಲದಿದ್ದರೆ ಅದು ಬಾಯಾರಿಕೆಗೆ ಬಾಯಿ ಚಾಚಿತೋ ಸಿಹಿಗೆ ಚಾಚಿತೋ ತಿಳಿಯದು. ಆಮೇಲೆ ಸಕ್ಕರೆ ನೀರಿನಲ್ಲಿ ಅದ್ದಿದ ಕಾಗದದ ಚೂಪು ತುದಿಯಿಂದ ಮುಂಗಾಲನ್ನಷ್ಟೇ ಮುಟ್ಟುತ್ತಾರೆ. ಬಾಯಿಗೆ ಏನೂ ತಾಗಿರುವುದಿಲ್ಲ, ಆದರೂ ಕೊಳವೆ ಸರಕ್ಕನೆ ಹೊರಬರುತ್ತದೆ. ಇದೊಂದು ನೋಟ ಓದುಗರನ್ನು ಒಳಕ್ಕೆ ಕರೆದೊಯ್ಯಬಲ್ಲದು. ನಿಮ್ಮ ಹಸ್ತಪ್ರತಿಯಲ್ಲಿ ಅದು ಐದನೆಯ ಪುಟದಲ್ಲಿ, ಅರ್ಧ ವಾಕ್ಯದಲ್ಲಿ ಮುಗಿದುಹೋಗಿದೆ.

ಇನ್ನೊಂದು ತಪ್ಪು ಗಂಭೀರವಾದದ್ದು. ಈ ನೊಣ ಮಾವಿನ ಬೆಳೆಗಾರರಿಗೆ ನಷ್ಟ ತರುತ್ತದೆ ಎಂದಿದ್ದೀರಿ. ಮಾವಿನ ಕಾಯಿಯನ್ನು ಚುಚ್ಚಿ ಮೊಟ್ಟೆಯಿಡುವ ಹಣ್ಣುನೊಣವೇ ಬೇರೆ, ಅದರ ಕುಟುಂಬವೇ ಬೇರೆ. ಪ್ರಯೋಗಾಲಯದ ಡ್ರೊಸೊಫಿಲ ಮೆಲನೊಗ್ಯಾಸ್ಟರ್ ನಮ್ಮ ಅಡುಗೆಮನೆಯಲ್ಲಿ ಕಳಿತು ಹುಳಿಯಾದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ. ತೋಟವಿರುವ ಓದುಗರು ನಮಗೆ ಬಹಳ ಮಂದಿ ಇದ್ದಾರೆ. ‘ಹಣ್ಣುನೊಣ’ ಎಂದೊಡನೆ ಅವರಿಗೆ ನೆನಪಾಗುವುದು ಮೊದಲನೆಯದೇ. ಆದ್ದರಿಂದ ಈ ವ್ಯತ್ಯಾಸವನ್ನು ಎರಡನೆಯ ಪ್ಯಾರಾದೊಳಗೇ ತಿಳಿಸಿ.

ಈ ಸಂಶೋಧನೆಯೆಲ್ಲ ಹೊರದೇಶದ್ದು ಎಂಬ ಮಾತನ್ನೂ ತಿದ್ದಿರಿ. 1970ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೇದ್ ಸಿದ್ದಿಕಿ ಮತ್ತು ವೆರೊನಿಕಾ ರೋಡ್ರಿಗಸ್ ಅವರು ರುಚಿ, ವಾಸನೆಗಳ ಗ್ರಹಿಕೆ ಕೆಟ್ಟ ನೊಣಗಳನ್ನು ಹುಡುಕಿ ತೆಗೆದು, ಆ ದೋಷದ ಹಿಂದಿರುವ ವಂಶವಾಹಿಗಳನ್ನು ಅರಸುತ್ತಿದ್ದರು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಅನ್ನು ಕಟ್ಟಿದವರೂ ಇದೇ ಸಿದ್ದಿಕಿಯವರು. ಕನ್ನಡದಲ್ಲಿ ಬರೆಯುವಾಗ ಇವರನ್ನು ಬಿಟ್ಟುಬಿಟ್ಟರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕೊನೆಯಲ್ಲಿ ‘ಸಿಹಿ ಎಷ್ಟಿದ್ದರೂ ನೊಣಕ್ಕೆ ಸಾಲದು’ ಎಂದಿದ್ದೀರಿ. ಸಾಕೆನ್ನುವುದೂ ಅದಕ್ಕೆ ಗೊತ್ತು. ನೊಣದ ಮಿದುಳಿನೊಳಗೇ ಜಿಆರ್43ಎ ಎಂಬ ಗ್ರಾಹಕ, ಅಂದರೆ ಸಕ್ಕರೆಯನ್ನು ಗುರುತಿಸುವ ಪ್ರೊಟೀನು, ಇರುವ ಕೆಲವು ನರಕೋಶಗಳಿದ್ದು, ತಿಂದ ನಂತರ ಮೈಯೊಳಗಿನ ದ್ರವದಲ್ಲಿ ಏರುವ ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಅವು ಗುರುತಿಸುತ್ತವೆ. ಹಸಿದ ನೊಣವನ್ನು ಅವು ಇನ್ನಷ್ಟು ತಿನ್ನಲು ಪ್ರೇರೇಪಿಸಿದರೆ, ಹೊಟ್ಟೆ ತುಂಬಿದ ನೊಣವನ್ನು ತಡೆಯುತ್ತವೆ. ಪಾದದಿಂದ ಹೊರಟ ನಿಮ್ಮ ಲೇಖನ ಇಲ್ಲಿಗೆ ಬಂದು ನಿಲ್ಲಲಿ. ತಿದ್ದಿದ ಪ್ರತಿ ಸಾವಿರದ ಇನ್ನೂರು ಪದಗಳನ್ನು ಮೀರದಂತೆ, ಮುಂದಿನ ತಿಂಗಳ 10ರೊಳಗೆ ನನ್ನ ಕೈಸೇರಲಿ.

ಇತಿ ನಿಮ್ಮ ವಿಶ್ವಾಸಿ,
ಸಂಪಾದಕ