ನಡೆಯುತ್ತಿರುವ ಬಾರ್ ಕೊಂಡರೆ ಲೈಸೆನ್ಸೂ ಜೊತೆಗೆ ಬರುತ್ತಾ?

ಪ್ರಶ್ನೆ: ನಡೆಯುತ್ತಿರುವ ಬಾರ್ ಅಂಡ್ ರೆಸ್ಟೋರೆಂಟ್ ಒಂದನ್ನು ಕೊಳ್ಳುವ ಮಾತುಕತೆ ನಡೆದಿದೆ. 'ಲೈಸೆನ್ಸ್ ಚಾಲ್ತಿಯಲ್ಲಿದೆ, ಅದೂ ನಿಮ್ಮದೇ, ಸುಮ್ನೆ ತಲೆ ಕೆಡಿಸ್ಕೋಬೇಡಿ' ಅಂತಾರೆ ಈಗಿನ ಮಾಲೀಕರು. ನಂಬಿ ಮುಂಗಡ ಕೊಡಬಹುದಾ? ಹೊರಗಿನ ಅಂಗಳದಲ್ಲೂ ನಾಲ್ಕು ಟೇಬಲ್ ಹಾಕುವ ಆಸೆ ಇದೆ.

ಉತ್ತರ: ಈಗಲೇ ಕೊಡಬೇಡಿ. ಮದ್ಯದ ಲೈಸೆನ್ಸ್ ಅಂದರೆ ಕುರ್ಚಿ, ಫ್ರಿಜ್ ಥರ ಅಂಗಡಿ ಜೊತೆ ಕೈ ಬದಲಾಗುವ ಸಾಮಾನಲ್ಲ. ಸಾಮಾನ್ಯವಾಗಿ ಅದು ಇಂಥವರು, ಇಂಥ ಜಾಗದಲ್ಲಿ, ಇಂಥ ಷರತ್ತಿನ ಮೇಲೆ ಮಾರಬಹುದು ಅಂತ ಕೊಟ್ಟ ಅನುಮತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ 2003ರ ಕಾಯ್ದೆ ಎರಡನ್ನೂ ಬೇರೆ ಮಾಡಿಟ್ಟಿದೆ, ಜಾಗಕ್ಕೆ ಒಂದು ಲೈಸೆನ್ಸ್, ಮಾರಾಟದ ಹೊಣೆ ಹೊರುವ ವ್ಯಕ್ತಿಗೆ ಇನ್ನೊಂದು. 'ಸದ್ಯಕ್ಕೆ ನಮ್ಮ ಹೆಸರಲ್ಲೇ ನಡೆಸಿ' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ತಪಾಸಣೆಗೆ ಬಂದ ದಿನ ಗಲ್ಲಾದಲ್ಲಿ ಕೂತಿರೋದು ನೀವು, ಅವರಲ್ಲ.

ಅಡುಗೆಮನೆಯ ಲೈಸೆನ್ಸ್ ಬೇರೆ. ಭಾರತದಲ್ಲಿ ಆಹಾರ ಸುರಕ್ಷತೆಗೆ 2006ರ ಕಾಯ್ದೆ ದೇಶಕ್ಕೆಲ್ಲಾ ಒಂದೇ, ಆದರೆ ಮದ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಹಾಗಾಗಿ ಪಕ್ಕದ ರಾಜ್ಯದಲ್ಲಿ ಬಾರ್ ನಡೆಸುವ ಸ್ನೇಹಿತರ ಸಲಹೆ ನಿಮಗೆ ಹೊಂದದೇ ಇರಬಹುದು. ಊಟಕ್ಕೆ ಅಷ್ಟೇನೂ ಕಟ್ಟುಪಾಡಿಲ್ಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅದೇ ಇಂಗ್ಲೆಂಡಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಿಸಿ ಊಟ ಕೊಡೋಕೂ ಲೈಸೆನ್ಸ್ ಬೇಕು, ಅಲ್ಲಿ ಒಂದು ಹನಿ ಮದ್ಯ ಇಲ್ಲದಿದ್ದರೂ!

ಇನ್ನು ಅಂಗಳ. ಲೈಸೆನ್ಸ್ ಜೊತೆ ಮಂಜೂರಾದ ನಕ್ಷೆ ಒಂದಿರುತ್ತೆ, ಮೊದಲು ಅದನ್ನು ಕೇಳಿ. ಅಂಗಳ ಆ ಗೆರೆಯ ಹೊರಗಿದ್ದರೆ ಅಲ್ಲಿ ಗ್ಲಾಸ್ ಇಡುವಂತಿಲ್ಲ. ಹಿಂದಿನವರು ವರ್ಷಗಟ್ಟಲೆ ಇಟ್ಟಿದ್ದರು ಅನ್ನೋದು ಅನುಮತಿ ಆಗಲ್ಲ. ನಕ್ಷೆ ಬದಲಿಸೋಕೆ ಅರ್ಜಿ ಹಾಕಿದಾಗ ಅಕ್ಕಪಕ್ಕದವರು ಗದ್ದಲದ ತಕರಾರು ಎತ್ತಬಹುದು, ಅದಕ್ಕೂ ಸಮಯ ಇಟ್ಟುಕೊಳ್ಳಿ.

ನಕ್ಷೆಯ ಜೊತೆಗೆ ಮೂಲ ಲೈಸೆನ್ಸ್, ಕೊನೆಯ ಶುಲ್ಕದ ರಸೀದಿ, ಬಂದಿರುವ ನೋಟಿಸುಗಳು, ಇವನ್ನೂ ಕಣ್ಣಾರೆ ನೋಡಿ. ಮಾರುವ ಸಮಯ, ಸಂಗೀತ, ಎಷ್ಟು ಜನ ಕೂರಬಹುದು, ಇವೆಲ್ಲ ಷರತ್ತುಗಳ ಹಾಳೆಯಲ್ಲಿರಬಹುದು, ಅದನ್ನು ಓದದೆ ಪಕ್ಕಕ್ಕಿಡಬೇಡಿ. ಬಾಕಿ ಶುಲ್ಕ ಅಥವಾ ಕೇಸು ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲಬಹುದು. ಕರಾರಿನಲ್ಲಿ ಒಂದು ಸಾಲು ಬರೆಸಿ: ವರ್ಗಾವಣೆಯ ಆದೇಶ ನಿಮ್ಮ ಹೆಸರಿಗೆ ಬಂದ ಮೇಲೆ ಬಾಕಿ ಹಣ, ಬರದಿದ್ದರೆ ಮುಂಗಡ ಪೂರ್ತಿ ವಾಪಸ್. ಆ ಸಾಲಿಗೆ ಅವರು ಒಪ್ಪಿ ಸಹಿ ಹಾಕಿದ ಮೇಲೆ ಮುಂಗಡದ ಮಾತಾಡಿ.