ಓದುಗರ ಪ್ರಶ್ನೆ: ಜರಿ ಸೀರೆಯಲ್ಲಿ ಮಿಂಗ್ ಕಾಲದ ಲಂಗ

ಪ್ರಶ್ನೆ: ಕಾಲೇಜು ನಾಟಕಕ್ಕೆ ಮಿಂಗ್ ಕಾಲದ ಚೀನೀ ಹೆಣ್ಣುಮಗಳ ಉಡುಪು ಬೇಕು. ನಮ್ಮ ಟೇಲರ್ ಪಕ್ಕ ಸೀಳಿದ ಬಿಗಿ ಗೌನ್ ಹೊಲಿಯುತ್ತೇನೆ ಅನ್ನುತ್ತಾರೆ. ಸರಿಯೇ? ಹಳೇ ಜರಿ ಸೀರೆ ನಡೆಯುತ್ತದೆಯೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಗೌನ್ ಬೇಡ. ಅದು ಛೀಪಾವ್, ಶಾಂಘೈಯಲ್ಲಿ 1920ರ ದಶಕದಲ್ಲಿ ರೂಢಿಗೆ ಬಂದದ್ದು. ಮಿಂಗ್ ಆಳ್ವಿಕೆ 1368ರಿಂದ 1644. ನಿಮಗೆ ಬೇಕಾದದ್ದು ಮಾಮ್ಯೆನ್‌ಛುನ್ ಎಂಬ ಸುತ್ತುವ ಲಂಗ. ಅದರ ಅಂದವೆಲ್ಲ ಮೊಣಕಾಲಿನ ಬಳಿ ಮತ್ತು ಕೆಳಗೆ ಸುತ್ತಲೂ ಓಡುವ ಪಟ್ಟಿಗಳಲ್ಲಿದೆ. ಹಾಗಾಗಿ ಜರಿ ಸೀರೆ ಬಲು ಒಳ್ಳೆಯ ಆಯ್ಕೆ.

ಸೊಂಟ 30 ಇಂಚು ಅಂದುಕೊಳ್ಳಿ. ಸೀರೆಯ ಉದ್ದದಲ್ಲಿ 44 ಇಂಚಿನ ಎರಡು ತುಂಡು ಕತ್ತರಿಸಿ. ಸೀರೆಯ ಅಗಲವನ್ನು ಸೊಂಟದ ಸುತ್ತಳತೆಗೆ ಬಳಸಿದರೆ ಅಂಚು ನೆಟ್ಟಗೆ ನಿಂತುಬಿಡುತ್ತದೆ, ಲಂಗ ಕೆಟ್ಟಿತು. ಕೆಳಗಿನ ಅಂಚು ಹಾಗೇ ಇರಲಿ. ಲಂಗದ ಉದ್ದಕ್ಕೆ ಹೆಚ್ಚಾದದ್ದನ್ನು ಮೇಲಿನಿಂದ ತೆಗೆದು, ಅದರಲ್ಲಿ ಬಂದ ಮೇಲಂಚನ್ನು ಮೊಣಕಾಲಿನ ಮಟ್ಟಕ್ಕೆ ಹೊಲಿಯಿರಿ. ಇದು ನೆರಿಗೆ ಹಿಡಿಯುವ ಮುಂಚೆಯೇ ಆಗಬೇಕು. ಎರಡೂ ಬದಿ ಒಂದೊಂದು ಇಂಚು ಮಡಚಿದರೆ 42 ಉಳಿಯುತ್ತದೆ: ಎರಡು ತುದಿಯಲ್ಲೂ 9 ಇಂಚಿನಂತೆ ಸಪಾಟು, ನಡುವೆ 24ರಲ್ಲಿ ಆರು ನೆರಿಗೆ. ಒಂದೊಂದಕ್ಕೆ 4 ಇಂಚು ಬಟ್ಟೆ, ಮೇಲೆ ಕಾಣುವುದು 1. ಮೂರು ಈಚೆಯಿಂದ, ಮೂರು ಆಚೆಯಿಂದ ಬಂದು ನಡುವೆ ಎದುರುಬದುರಾಗಲಿ. ಒಂದು ತುಂಡಿನ ಸಪಾಟು ತುದಿಯನ್ನು ಇನ್ನೊಂದರ ಸಪಾಟು ತುದಿಯ ಮೇಲೆ ಪೂರ್ತಿ ಹೊದಿಸಿ, 39 ಇಂಚಿನ ಒಂದೇ ಸೊಂಟಪಟ್ಟಿಗೆ ಸೇರಿಸಿ. ಪಟ್ಟಿ ಹತ್ತಿಯದೇ ಇರಲಿ, ರೇಷ್ಮೆ ಜಾರುತ್ತದೆ. ಎರಡು ತುದಿಗೂ ಉದ್ದ ಲಾಡಿ. ಸೊಂಟದ ಅಳತೆ ಬೇರೆಯಾದರೆ ಸಪಾಟು ಭಾಗ ಮುಟ್ಟಬೇಡಿ, ನೆರಿಗೆ ಹೆಚ್ಚುಕಡಿಮೆ ಮಾಡಿ.

ಹೆಚ್ಚಾಗಿ ಕೆಡುವುದು ಇಲ್ಲಿ: ನಮ್ಮ ಲಂಗದ ರೂಢಿಯಲ್ಲಿ ಟೇಲರ್ ಸುತ್ತಲೂ ಕೂಡಿಸಿ ಎಲಾಸ್ಟಿಕ್ ಹಾಕಿಬಿಡುತ್ತಾರೆ. ಆಗ ಸಪಾಟು ಭಾಗವೂ ಸುಕ್ಕುಗಟ್ಟುತ್ತದೆ, ಹೆಜ್ಜೆ ಹಾಕಿದಾಗ ಪದರ ತೆರೆಯುವುದಿಲ್ಲ. ಸೊಂಟಪಟ್ಟಿಯ ಕೆಳಗೆ ಎರಡು ತುಂಡುಗಳು ಬಿಡಿಯಾಗಿಯೇ ಇರಬೇಕು.

ಮೇಲಂಗಿ ಲಂಗದ ಹೊರಗೇ ಇರಲಿ. ನಮ್ಮ ಬಿಸಿಲಿಗೆ ಶಾನ್, ಅಂದರೆ ಅಸ್ತರಿಲ್ಲದ ಮೇಲಂಗಿ ಸಾಕು. ಅಡ್ಡ ಕೊರಳಿನದಾದರೆ ತೊಟ್ಟವರ ಎಡಮಡಿಕೆ ಬಲದ ಮೇಲೆ ಬರಲೇಬೇಕು. ತಿರುವುಮುರುವಾದರೆ ಅದು ಹೆಣದ ಉಡುಪು.

ಪ್ರಶ್ನೆ: ತಾಂಗ್ ಕಾಲದ್ದು ಅಂತ ಎದೆಗೆ ಕಟ್ಟುವ ಲಂಗ ಹೊಲಿಸಿದೆವು, ಕುಣಿಯುವಾಗ ಜಾರುತ್ತದೆ.
— ಓದುಗರೊಬ್ಬರು, ಯಾದಗಿರಿ

ಉತ್ತರ: ಬಟ್ಟೆಯ ಭಾರವೆಲ್ಲ ಒಂದೇ ಕಟ್ಟಿನ ಮೇಲಿದೆ, ಸಾಟಿನ್ ಆದರೆ ಹಿಡಿತವೇ ಇರುವುದಿಲ್ಲ. ಪಟ್ಟಿಯ ಒಳಗೆ ಒರಟು ಹತ್ತಿ ಬಟ್ಟೆ ಹಚ್ಚಿ, ಎರಡು ಭುಜಪಟ್ಟಿ ಹೊಲಿಯಿರಿ. ಅವು ಕಾಣದಂತೆ ಮೇಲೆ ಬಾನ್‌ಬಿ, ಅಂದರೆ ಅರ್ಧತೋಳಿನ ಅಂಗಿ ತೊಡಿಸಿ. ತಾಂಗ್ ಹೆಂಗಸರೂ ತೊಡುತ್ತಿದ್ದರು, ತಪ್ಪೇನಿಲ್ಲ.